ಗೂಡುತಂತಿ

ಮೊದಲು ಹನ್ನೊಂದು ಬೇಸಿನ್ನು ಕೊರೆದೆ.
ಕೊರೆಯುವುದೆಂದರೆ ಏನಿಲ್ಲ, ಒಂದು ವೃತ್ತ ಎಳೆದು
ಅದನ್ನು ಒಳಕ್ಕೆ ಒತ್ತುವುದು.
ನೀರು ಹಾಕಲಿಲ್ಲ. ನೀರನ್ನು ಈ ಕಂಪ್ಯೂಟರು ತಡೆಯುವುದಿಲ್ಲ,
ಸೆಕೆಂಡ್ ಹ್ಯಾಂಡು, ಝೆರಾಕ್ಸ್ ಅಂಗಡಿಯವರು ಬಿಸಾಕಬೇಕೆಂದಿದ್ದದ್ದು,
ಒಂದೆಳೆ ಹಬೆ ತೋರಿಸಿದರೂ ಕೆಮ್ಮುತ್ತದೆ.
ನೀರಿನ ಬದಲು ನೀಲಿ ಹೊಳಪು ಸವರಿದೆ.

ಬೇಸಿನ್ನಿಗೊಂದು ಸ್ವರ,
ಸ್ವರಕ್ಕೊಂದು ಗೂಡು,
ಹಳದಿ, ಮಿಶ್ರತಳಿ,
ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ ಮುಷ್ಟಿ ತುಂಬ ಎತ್ತಿ
ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರಲ್ಲ, ಆ ಥರದ್ದು.
ಸ್ವರ ಬಂದರೆ ಗೂಡು ಚಿಮ್ಮಬೇಕು,
ಮೇಲೆ ಬಿಗಿದು ಕಟ್ಟಿದ ಎಳೆಗೆ ಬಡಿಯಬೇಕು,
ಎಳೆ ನಡುಗಬೇಕು, ರಾಟೆ ಒಂದು ಹಲ್ಲು ತಿರುಗಬೇಕು,
ಗೂಡು ಮತ್ತೆ ಬಿದ್ದು ತೇಲಬೇಕು, ಏನೂ ಆಗದ ಹಾಗೆ.
ಇಂಥ ವಾದ್ಯ ಯಾವ ಊರಲ್ಲೂ ಇಲ್ಲ.
ಇದ್ದರೂ ನುಡಿಸುವವರಿಗೆ ಇಪ್ಪತ್ತೆರಡು ಕೈ ಬೇಕು.

ರಾಗ ಗಂಗುಲಪ್ಪನದು.
ಮುಂದಿನ ಮೂರು ಹಲ್ಲು ಹೋದ ಮೇಲೆ ಓಲಗ ಬಿಟ್ಟವನು.
ಪೀಪಿ ಕಚ್ಚಲಾಗದು, ಉಸಿರು ಪಕ್ಕದಿಂದ ಸೋರುತ್ತದೆ.
ನನ್ನ ಮಡಿಲಗಲದ ಕೀಬೋರ್ಡಿನ ಮೇಲೆ
ಎರಡೇ ಬೆರಳಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ,
ಆನಂದಭೈರವಿ ಒತ್ತಿದ.
ಒತ್ತಿ, ಕೇಳಿ, ಮುಖ ಕಿವುಚಿದ:
“ಇದರಲ್ಲಿ ಗಾಂಧಾರಕ್ಕೆ ಮನೆಯೇ ಇಲ್ಲವಲ್ಲಮ್ಮ.
ಆ ಕರಿಮನೆಗೂ ಈ ಬಿಳಿಮನೆಗೂ ನಡುವೆ
ಸಂದಿಯಲ್ಲಿ ಇರೋನು ಅವನು.”

ಆ ಒಂದು ಸ್ವರದ ಎಳೆಯನ್ನು ಸಡಿಲ ಬಿಟ್ಟೆ.
ಬಡಿದರೆ ಜೋಲುತ್ತದೆ, ಬಿಗಿಯುತ್ತದೆ, ಮತ್ತೆ ಜೋಲುತ್ತದೆ.
ಗಂಗುಲಪ್ಪ ತೆರೆಗೆ ಮೂಗು ತಾಗಿಸಿ ನೋಡಿದ.
“ಹ್ಞಾ, ಸಿಕ್ಕಿಬಿದ್ದ.”

ಆದರೂ ಹೊತ್ತು ತಪ್ಪುತ್ತಿತ್ತು.
ಸ್ವರ ಕೇಳಿಸಿದ ಮೇಲೆ ಗೂಡು ಹೊರಟರೆ
ಎಳೆ ಮುಟ್ಟುವಷ್ಟರಲ್ಲಿ ಸ್ವರ ಮುಗಿದಿರುತ್ತದೆ,
ಊಟದ ಎಲೆ ಎತ್ತಿದ ಮೇಲೆ ಬಂದ ನೆಂಟರ ಹಾಗೆ.
ಮೂರು ರಾತ್ರಿ ತಲೆ ಕೆಡಿಸಿಕೊಂಡೆ.
ಆಮೇಲೆ ತಿಳಿಯಿತು: ಗೂಡಿಗೆ ಮುಂಚೆಯೇ
ಇಡೀ ರಾಗ ಓದಿಸಿಟ್ಟಿರಬೇಕು.
ಹನ್ನೆರಡು ಚೌಕಟ್ಟು ಮೊದಲೇ,
ಸದ್ದಿನ ಸುಳಿವೂ ಇಲ್ಲದಾಗಲೇ
ಅದು ನೀಲಿ ಬಿಟ್ಟು ಏಳಬೇಕು.

“ಅನಾಗತ,” ಎಂದ ಗಂಗುಲಪ್ಪ, ಬೀಡಿ ಹುಡುಕುತ್ತಾ.
“ತಾಳ ಮೊದಲು ಹೊರಡುತ್ತೆ, ಹಾಡು ಆಮೇಲೆ ಬಂದು ಕೂಡುತ್ತೆ.
ಇದು ತಲೆಗೆ ಹತ್ತದೆ ನಮ್ಮಪ್ಪನ ಕೈಲಿ
ಎಷ್ಟು ಒದೆ ತಿಂದಿದ್ದೀನಿ.”

ಅಮ್ಮಿಯನ್ನು ಕರೆದು ತೋರಿಸಿದ್ದು
ಫಿಲೇಚರಿನ ಬಾಯ್ಲರು ಕೆಟ್ಟ ದಿನ.
ಬಿಸಿನೀರಲ್ಲಿ ನೆಂದು ನೆಂದು ಬೆಳ್ಳಗೆ ಊದಿದ ಬೆರಳುಗಳನ್ನು
ಮಡಿಲಲ್ಲಿಟ್ಟುಕೊಂಡು ಕೂತಳು.
ನಾನು ಕಾದಿದ್ದು ಬೇರೆ ಮಾತಿಗೆ.
ಹುಳದ ವಾಸನೆ ಇಲ್ಲ ಅನ್ನುತ್ತಾಳೆ,
ಇದೆಲ್ಲ ಹೊಟ್ಟೆಗಾ ಬಟ್ಟೆಗಾ ಅನ್ನುತ್ತಾಳೆ.
ಗೂಡುಗಳು ಚಿಮ್ಮಿದವು. ಎಳೆಗಳು ನಡುಗಿದವು.
ಯಾರೂ ಇಲ್ಲದ ಷೆಡ್ಡಿನಲ್ಲಿ ರಾಟೆಗಳು ತಿರುಗಿದವು.

“ಹಾತಾಂಚ್ ನೈಂ?”
ಕೈಗಳೇ ಇಲ್ಲವಾ?
ಇಲ್ಲ ಅಮ್ಮಿ.
“ಅಚ್ಛಾ ಹುವಾ,” ಎಂದಳು. ಒಳ್ಳೆಯದಾಯಿತು.
ಇನ್ನೊಂದು ಸಲ ಹಾಕು ಎಂದಳು.

ಎರಡನೆಯ ಸಲ ನಾನು ತೆರೆ ನೋಡಲಿಲ್ಲ,
ಅವಳ ಹೆಬ್ಬೆರಳು ನೋಡಿದೆ.
ಏಳನೇ ಬೇಸಿನ್ನಿನ ಗೂಡು ಏಳುವ ಮೊದಲು,
ನನ್ನ ಹನ್ನೆರಡು ಚೌಕಟ್ಟಿಗೂ ಮೊದಲು
ಅದು ಸೀರೆಯ ಮೇಲೆ ಒಂದಿಷ್ಟು ಸರಿದು
ಇನ್ನೂ ಕಡಿಯದ ಎಳೆಯ ಕಡೆಗೆ ಹೊರಟಿತ್ತು.

ರಾತ್ರಿ ಕೊನೆಯ ತುಣುಕು ರೆಂಡರಿಗೆ ಹಾಕಿ ಮಲಗಿದೆ.
ಎರಡೂವರೆಗೆ ಕರೆಂಟು ಹೋಯಿತು.
ಬ್ಯಾಟರಿ ನಾಲ್ಕು ಸಲ ಕೂಗಿ ಸುಮ್ಮನಾಯಿತು.
ಕತ್ತಲಲ್ಲಿ ಎಲ್ಲೋ
ಒಂದು ಗೂಡು ನೀಲಿ ಬಿಟ್ಟು ಎದ್ದಿದೆ,
ಎಳೆ ಇನ್ನೂ ಮುಟ್ಟಿಲ್ಲ.